ಯಲ್ಲಮ್ಮನ ಗುಡ್ಡದಲ್ಲಿ ಯಾರೂ ಕೇಳದ ಆ ಒಂದು ಕಾಲಂ

ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಯಾವ ಹುಡುಗ–ಹುಡುಗಿ ನೌಕರಿಗೆ ಅರ್ಜಿ ಹಾಕಿದರೂ ಅದು ಎರಡು ಕಡೆ ದಾಖಲಾಗುತ್ತದೆ. ಒಂದು, ಇಲಾಖೆಯ ವೆಬ್‌ಸೈಟಿನಲ್ಲಿ. ಇನ್ನೊಂದು, ಯಲ್ಲಮ್ಮನ ಹತ್ತಿರ. ಮಗ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆದರೆ ಅವ್ವ ಐದು ಮಂಗಳವಾರ ಒಪ್ಪತ್ತು ಇರುತ್ತಾಳೆ. ಮಗಳು ಟಿಇಟಿ ಬರೆದರೆ ಅಜ್ಜಿ ಗುಡ್ಡದ ದಿಕ್ಕಿಗೆ ಕೈ ಮುಗಿದು ‘ಪಡ್ಲಗಿ ತುಂಬಸ್ತೀನಿ ತಾಯಿ’ ಅಂದಿರುತ್ತಾಳೆ. ಇಲಾಖೆಯ ಹಾಲ್‌ಟಿಕೆಟ್ ಬರುವುದು ತಡವಾಗಬಹುದು, ಅವ್ವನ ಹರಕೆ ಮಾತ್ರ ಅರ್ಜಿ ಸಬ್‌ಮಿಟ್ ಆದ ದಿನವೇ ಸ್ವೀಕೃತ!

ಹೀಗಾಗಿ ಸವದತ್ತಿಯ ಗುಡ್ಡ ನಮಗೆ ಪ್ರವಾಸಿ ತಾಣ ಅನ್ನಿಸಿದ್ದೇ ಇಲ್ಲ. ಅದು ತವರಿನ ಹಾಗೆ, ಇದ್ದೇ ಇರುತ್ತದೆ. ಚಿಕ್ಕಂದಿನಲ್ಲಿ ಚಕ್ಕಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ, ಈಗ ಕೆಂಪು ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಈ ಸಲ ಭಾರತ ಹುಣ್ಣಿಮೆಯ ಗದ್ದಲ ಇಳಿದ ಮೇಲೆ, ಒಂದು ಮಂಗಳವಾರ ಹೋಗಿಬಂದದ್ದು ಬೇರೆಯೇ ಥರ. ಜತೆಗಿದ್ದವಳು ನನ್ನ ಹಾಸ್ಟೆಲ್ ಗೆಳತಿ. ರಾಮದುರ್ಗ ತಾಲ್ಲೂಕಿನ ಹಳ್ಳಿಯವಳು. ಮೂರು ವರ್ಷ ಒಂದೇ ರೂಮಿನಲ್ಲಿದ್ದು ಪದವಿ ಮುಗಿಸಿದೆವು, ಈಗ ಇಬ್ಬರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಅವಳು ಅಲ್ಲಿಯವರೆಗೆ ಗುಡ್ಡ ಹತ್ತಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅವಳ ಅವ್ವನಿಗೆ ಒಂಬತ್ತನೇ ವಯಸ್ಸಿನಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ್ದರು.

ಈ ಬರಹವನ್ನು ಅವಳು ಓದಿ, ಎರಡು ಕಡೆ ತಿದ್ದಿಸಿ, ‘ಹೆಸರ ಒಂದ ಬ್ಯಾಡ, ಉಳಿದದ್ದ ಎಲ್ಲಾ ಬರಿ’ ಅಂದ ಮೇಲೆಯೇ ಕಳಿಸುತ್ತಿದ್ದೇನೆ.

ಅವ್ವ ಕೊಟ್ಟ ಚೀಲ

ಗುಡ್ಡಕ್ಕೆ ಹೋಗುವ ಮಾತು ತೆಗೆದವಳು ಅವಳೇ. ಮೊಣಕಾಲು ನೋವಿನಿಂದ ಅವಳ ಅವ್ವನಿಗೆ ಈ ಸಲ ಜಾತ್ರೆಗೆ ಹೋಗಲಾಗಿರಲಿಲ್ಲ. ಒಂದು ಕೈಚೀಲ ಕಳಿಸಿದ್ದಳು. ಅದರಲ್ಲಿ ಹಸಿರು ಕಣ, ಒಂದು ಡಜನ್ ಹಸಿರು ಬಳೆ, ಐದು ರೊಟ್ಟಿ, ಒಣಗಿದ ಕೊಬ್ಬರಿ ಬಟ್ಟಲು, ಕಾಗದದಲ್ಲಿ ಸುತ್ತಿದ ಐವತ್ತೊಂದು ರೂಪಾಯಿ.

‘ನಿಮ್ಮವ್ವಗ ಇನ್ನೂ ನಂಬಿಕಿ ಐತೇನು?’ ಎಂದು ಕೇಳಿದೆ.

‘ಆಕಿಗೆ ದೇವಿ ಮ್ಯಾಲ ಸಿಟ್ಟಿಲ್ಲ. ನನಗs ಯಾರ ಮ್ಯಾಲ ಸಿಟ್ಟ ಮಾಡ್ಕೋಬೇಕು ತಿಳಿವಲ್ದು’ ಅಂದಳು. ಅಷ್ಟೇ ಮಾತು. ಮರುದಿನ ಬೆಳಿಗ್ಗೆ ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಇಬ್ಬರೂ ಇದ್ದೆವು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮಂಗಳವಾರ, ಶುಕ್ರವಾರ ಸವದತ್ತಿ ಬಸ್ಸಿನಲ್ಲಿ ಸೀಟು ಸಿಗುವುದು ಸಣ್ಣ ಪರೀಕ್ಷೆ ಪಾಸಾದ ಹಾಗೆಯೇ. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಕಲೆಯಲ್ಲಿ ನನ್ನ ಗೆಳತಿ ಪಳಗಿದವಳು. ಬಸ್ಸಿನ ತುಂಬ ಹೆಂಗಸರು. ಒಬ್ಬರ ಮಡಿಲಲ್ಲಿ ಬುಟ್ಟಿ, ಇನ್ನೊಬ್ಬರ ಮಡಿಲಲ್ಲಿ ಕೂಸು. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡ ಒಬ್ಬ ಅಜ್ಜಿ, ‘ಹಿಂದಕ ಗಂಡನ ಕಡೆ ರೊಕ್ಕ ಕೇಳಬೇಕಿತ್ತು, ಈಗ ದೇವಿ ಕರದಾಗೊಮ್ಮೆ ಹೋಗ್ತೀನಿ ನೋಡ್ರಿ’ ಅಂದರು.

ಸುಗಂಧವರ್ತಿಯಿಂದ ಸವದತ್ತಿ

ಪರೀಕ್ಷೆಗೆ ಓದುವವರಿಗೆ ಸವದತ್ತಿ ಎಂದರೆ ಯಲ್ಲಮ್ಮನಷ್ಟೇ ಅಲ್ಲ, ಒಂದು ಅಂಕದ ಪ್ರಶ್ನೆಯೂ ಹೌದು. ಶಾಸನಗಳಲ್ಲಿ ಈ ಊರಿನ ಹೆಸರು ಸುಗಂಧವರ್ತಿ. ರಟ್ಟ ಮನೆತನದವರ ರಾಜಧಾನಿ. ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ರಟ್ಟರು ಒಂಬತ್ತನೇ ಶತಮಾನದಿಂದ ಹದಿಮೂರನೇ ಶತಮಾನದವರೆಗೆ ಈ ಸೀಮೆ ಆಳಿದರು. ಕಡೆಗಾಲದಲ್ಲಿ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಒಯ್ದರು. ಊರೊಳಗಿನ ಕೋಟೆ ಅದಕ್ಕಿಂತ ಬಹಳ ಈಚಿನದು. ಹದಿನೆಂಟನೇ ಶತಮಾನದಲ್ಲಿ ಶಿರಸಂಗಿ ದೇಸಾಯರು ಕಟ್ಟಿಸಿದ್ದು.

ಊರಿನಿಂದ ಗುಡ್ಡಕ್ಕೆ ಸುಮಾರು ಐದು ಕಿಲೋಮೀಟರ್. ಈಗಿರುವ ಯಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ ಎಂದು ಇತಿಹಾಸ ಹೇಳುತ್ತದೆ. ಅಂದರೆ ಗುಡಿಗೆ ಐನೂರು ದಾಟಿದೆ. ದೇವಿಯ ಮೇಲಿನ ಭಕ್ತಿ ಅದಕ್ಕಿಂತಲೂ ಹಳೆಯದು.

ಗುಡ್ಡಕ್ಕೆ ಹೋಗುವವರು ಮೊದಲು ಇಳಿಯುವುದು ಜೋಗುಳಬಾವಿಯಲ್ಲಿ. ಅಲ್ಲಿ ಸತ್ಯಮ್ಮನ ಗುಡಿ. ಮೈ ತೊಳೆದುಕೊಂಡು, ಮುಖಕ್ಕೆ ಭಂಡಾರ ಹಚ್ಚಿಕೊಂಡು ಮುಂದೆ ಹೋಗುವುದು ರೂಢಿ. ಮೇಲೆ ಹೋದರೆ ಎಣ್ಣೆಹೊಂಡ, ಅರಿಷಿಣಹೊಂಡ, ಕುಂಕುಮಹೊಂಡ. ಸುತ್ತ ಪರಶುರಾಮ, ಮಲ್ಲಿಕಾರ್ಜುನ, ಮಾತಂಗಿ ಹೀಗೆ ದೇವಿಯ ಪರಿವಾರದ ಗುಡಿಗಳು.

ನೀರು ಮುಟ್ಟಿಯೇ ದೇವರ ಹತ್ತಿರ ಹೋಗುವ ಈ ಪದ್ಧತಿ ನಮ್ಮದಷ್ಟೇ ಅಲ್ಲ. ಜಪಾನಿನ ಬೆಟ್ಟದೂರುಗಳಲ್ಲಿರುವ ಹಳೆಯ ಶಿಂಟೊ ಗುಡಿಗಳಿಗೆ ಹೋಗುವವರೂ ಬಾಗಿಲ ಬಳಿಯ ಕಲ್ಲುಬಾನಿಯಿಂದ ಸೌಟಿನಲ್ಲಿ ನೀರು ತೆಗೆದು ಎಡಗೈ, ಬಲಗೈ, ಬಾಯಿ ತೊಳೆದುಕೊಂಡೇ ಒಳಗೆ ಕಾಲಿಡುತ್ತಾರೆ. ಅಲ್ಲಿ ‘ಎಮಾ’ ಎಂಬ ಸಣ್ಣ ಮರದ ಹಲಗೆ ಸಿಗುತ್ತದೆ. ಪರೀಕ್ಷೆ ಹತ್ತಿರ ಬಂದರೆ ವಿದ್ಯಾರ್ಥಿಗಳು ತಮಗೆ ಬೇಕಾದ ಶಾಲೆ, ಕಾಲೇಜಿನ ಹೆಸರು ಬರೆದು ಗುಡಿಯಂಗಳದಲ್ಲಿ ತೂಗುಹಾಕುತ್ತಾರೆ. ಬುಲೆಟ್ ರೈಲು ಓಡಿಸುವ ದೇಶದಲ್ಲೂ ಪರೀಕ್ಷೆಯ ಭಯಕ್ಕೆ ಬೇರೆ ಮದ್ದು ಸಿಕ್ಕಿಲ್ಲ ಎಂದು ಓದಿದಾಗ ನನಗೆ ಸಮಾಧಾನವಾಗಿತ್ತು. ನಮ್ಮಲ್ಲಿ ಹಲಗೆ ಇಲ್ಲ, ಅವ್ವ ಇದ್ದಾಳೆ. ಅಷ್ಟೇ ವ್ಯತ್ಯಾಸ.

ಉಧೋ ಉಧೋ

ಗುಡ್ಡ ಏರಿದರೆ ಕಣ್ಣಿಗೆ ಮೊದಲು ಬೀಳುವುದು ಹಳದಿ. ನೆಲ, ಕಂಬ, ಮೆಟ್ಟಿಲು, ಎತ್ತಿನ ಕೋಡು, ಬಸ್ಸಿನ ಮೂತಿ, ಜನರ ಹಣೆ ಎಲ್ಲ ಭಂಡಾರ. ಎರಡೂ ಬದಿ ಅಂಗಡಿ. ಬಳೆ, ಕಣ, ಕುಂಕುಮದ ರಾಶಿ, ಚುರುಮುರಿ, ಬೆಂಡು–ಬತ್ತಾಸು. ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರ ಕಡೆಯಿಂದ ಬಂದವರ ಮರಾಠಿ, ನಮ್ಮ ಕಡೆಯ ಕನ್ನಡ, ಆಂಧ್ರ–ತೆಲಂಗಾಣದವರ ತೆಲುಗು. ಎಲ್ಲರ ಬಾಯಲ್ಲೂ ಕೂಗು ಮಾತ್ರ ಒಂದೇ: ಉಧೋ ಉಧೋ!

ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ನೂರಾರು ಕುಟುಂಬಗಳು ಅಡುಗೆ ಮಾಡುತ್ತಿದ್ದವು. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ರೊಟ್ಟಿ. ಬಿದಿರಿನ ಪಡ್ಲಿಗೆಯಲ್ಲಿ ನೈವೇದ್ಯ ತುಂಬಿಸಿ, ಸುತ್ತ ಕುಳಿತ ಐದು ಜನ ಅದನ್ನು ಎತ್ತಿ ದೇವಿಯನ್ನು ಕೂಗುವುದೇ ‘ಪಡ್ಲಗಿ ತುಂಬಸೋದು’. ಆಮೇಲೆ ಕರೆದವರಿಗೂ ಊಟ, ಕರೆಯದೇ ಹಾದುಹೋಗುವವರಿಗೂ ಊಟ. ನಮ್ಮನ್ನೂ ಮೂರು ಕಡೆ ಕೂಗಿ ಕರೆದರು. ಹಳಿಯಾಳದ ಕಡೆಯಿಂದ ಬಂದ ಒಂದು ಮನೆಯವರ ಹೋಳಿಗೆ ತಿಂದೆವು. ಅವರ ಮಗನಿಗೆ ಬ್ಯಾಂಕಿನಲ್ಲಿ ನೌಕರಿ ಹತ್ತಿತ್ತಂತೆ. ಆ ಹುಡುಗ ಹೊಸ ಬೂಟು ಕೈಯಲ್ಲಿ ಹಿಡಿದುಕೊಂಡು ನಾಚಿಕೆಯಿಂದ ತುಪ್ಪ ಬಡಿಸುತ್ತಿದ್ದ. ಎಷ್ಟನೇ ಪ್ರಯತ್ನದಲ್ಲಿ ಆಯಿತು ಎಂದು ನಾವು ಕೇಳಿದೆವು. ‘ಆರನೇದ್ರಾಗ’ ಅಂದ. ನಮ್ಮದಿನ್ನೂ ಎರಡನೆಯದು. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆವು.

ರೇಣುಕೆಯ ಕಥೆ ನಮಗೆಲ್ಲ ಗೊತ್ತು. ಜಮದಗ್ನಿ ಋಷಿಯ ಹೆಂಡತಿ. ದಿನಾ ಹೊಳೆಗೆ ಹೋಗಿ ಮರಳಿನಲ್ಲೇ ಕೊಡ ಮಾಡಿ, ಹಾವಿನ ಸಿಂಬಿ ಮೇಲಿಟ್ಟು ನೀರು ತರುವಷ್ಟು ಶಕ್ತಿ ಅವಳಿಗೆ. ಒಂದು ದಿನ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆ ನೋಡಿ ಮನಸ್ಸು ಅರೆಗಳಿಗೆ ಚಲಿಸಿತು. ಕೊಡ ನಿಲ್ಲಲಿಲ್ಲ. ಗಂಡ ಸಿಟ್ಟಾದ. ತಾಯಿಯ ತಲೆ ಕಡಿ ಎಂದು ಮಕ್ಕಳಿಗೆ ಹೇಳಿದ. ಪರಶುರಾಮ ಕಡಿದ. ಆಮೇಲೆ ತಂದೆ ಕೊಟ್ಟ ವರದಲ್ಲಿ ತಾಯಿಯ ಜೀವವನ್ನೇ ಮರಳಿ ಕೇಳಿದ.

ಪರಶುರಾಮನ ಗುಡಿಯ ಕಟ್ಟೆಯಲ್ಲಿ ಕುಳಿತಾಗ ಗೆಳತಿ ಅಂದಳು: ‘ನೋಡು, ಅಪ್ಪನ ಮಾತಿಗೆ ಅವ್ವನ ತಲಿ ಹೋತು. ಆದ್ರ ಜನ ಇಷ್ಟ ವರ್ಷ ಆದ್ರೂ ಉಧೋ ಅನ್ನೋದು ಅವ್ವಗs.’

ನಾನು ಈ ಕಥೆಯನ್ನು ಸಾವಿರ ಸಲ ಕೇಳಿದ್ದೇನೆ. ಹೀಗೆ ಯೋಚಿಸಿರಲಿಲ್ಲ. ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆಯಾದಳೆಂದು ಬಳೆ ಒಡೆಯುವುದು, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾದಳೆಂದು ಬಳೆ ಏರಿಸುವುದು ಇಲ್ಲಿಯ ರೂಢಿ. ಹೆಂಗಸಿನ ಬಾಳಿನಲ್ಲಿ ಆಗಬಹುದಾದ ಎಲ್ಲ ನೋವೂ ಈ ದೇವಿಗೆ ಆಗಿದೆ. ಗಂಡನಿಂದ, ಮಗನಿಂದ, ಊರವರ ಮಾತಿನಿಂದ. ಬಹುಶಃ ಅದಕ್ಕೇ ಹೆಂಗಸರು ಇಷ್ಟು ಸಲಿಗೆಯಿಂದ ಅವಳ ಮುಂದೆ ಅಳುತ್ತಾರೆ, ಬೈಯುತ್ತಾರೆ ಕೂಡ.

‘ರೊಕ್ಕ ಬಂದದ ಏನ್ ನೋಡವ್ವಾ’

ಗುಡಿಯ ದಾರಿಯಲ್ಲಿ ಒಬ್ಬ ಮುದುಕಿ ಕುಳಿತಿದ್ದರು. ಕೊರಳಲ್ಲಿ ಕೆಂಪು–ಬಿಳಿ ಮಣಿ, ಮುಂದೆ ಪಡ್ಲಿಗೆ, ಪಕ್ಕದಲ್ಲಿ ತೊಗಲು ಸಡಿಲಾದ ಚೌಡಕಿ. ನಮ್ಮನ್ನು ಕೈಸನ್ನೆ ಮಾಡಿ ಕರೆದರು. ಭಿಕ್ಷೆಗೆ ಎಂದುಕೊಂಡು ಗೆಳತಿ ಹತ್ತು ರೂಪಾಯಿ ತೆಗೆದಳು. ಅವರು ತೆಗೆದುಕೊಂಡರು, ಆಮೇಲೆ ಸೊಂಟದ ಚೀಲದಿಂದ ಸಣ್ಣ ಬಟನ್ ಮೊಬೈಲ್ ತೆಗೆದು ಅವಳ ಕೈಗಿಟ್ಟರು.

‘ಸಾಲಿ ಕಲ್ತಾರ ಕಂಡಂಗ ಕಾಣ್ತೀರಿ. ಇದರಾಗ ಪಗಾರ ರೊಕ್ಕ ಬಂದದ ಏನ್ ನೋಡವ್ವಾ.’

ಪಗಾರ ಎಂದರೆ ಮಾಜಿ ದೇವದಾಸಿಯರಿಗೆ ಸರ್ಕಾರ ಕೊಡುವ ಮಾಸಾಶನ. ಗೆಳತಿ ಮೆಸೇಜುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಸಿಮ್ ಕಂಪನಿಯವರದು. ನಿಮ್ಮ ಪ್ಯಾಕ್ ಮುಗಿಯುತ್ತಿದೆ, ರೀಚಾರ್ಜ್ ಮಾಡಿ ಎಂಬ ಇಪ್ಪತ್ತಮೂರು ಮೆಸೇಜು. ಬ್ಯಾಂಕಿನದು ಒಂದೂ ಇರಲಿಲ್ಲ.

‘ಇನ್ನೂ ಬಂದಿಲ್ಲ ಆಯಿ’ ಅಂದಳು.

‘ಇರ್ಲಿ ಬಿಡು. ನಿಂದು ಎಲ್ಲಿತನಕ ಆತು ಸಾಲಿ?’

‘ಡಿಗ್ರಿ ಮುಗೀತು.’

‘ನಿಮ್ಮಪ್ಪ ಏನ್ ಮಾಡ್ತಾನ?’ ಎಂದು ಮುದುಕಿ ಕೇಳಲಿಲ್ಲ. ‘ನಿಮ್ಮವ್ವ ಹೆಂಗದಾಳು?’ ಎಂದು ಕೇಳಿದರು. ಮುಖ ನೋಡಿ ಗುರುತು ಹಿಡಿದರೋ, ಅಥವಾ ಎಲ್ಲರನ್ನೂ ಹಾಗೆಯೇ ಕೇಳುತ್ತಾರೋ ಗೊತ್ತಿಲ್ಲ. ಗೆಳತಿ ಅಲ್ಲೇ ನೆಲದ ಮೇಲೆ ಕುಳಿತಳು. ಅವ್ವನ ಮೊಣಕಾಲು ನೋವು, ಹೊಲಿಗೆ ಮಷಿನ್ನು, ರೇಷನ್ ಕಾರ್ಡು ಎಂದು ಅರ್ಧ ತಾಸು ಇಬ್ಬರ ಮಾತು ಸಾಗಿತು. ನಾನು ಪಕ್ಕದಲ್ಲಿ ನಿಂತು ಚೀಲ ಕಾದೆ.

ದೇವಿ ಕೇಳಿದ್ದಲ್ಲ

ಗುಡ್ಡದಲ್ಲಿ ದೇವದಾಸಿ ಬಿಡುವುದು ಅಪರಾಧ ಎಂಬ ಫಲಕ ನೋಡಿರುತ್ತೀರಿ. ನಾವು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವುದಿಲ್ಲ, ಓದುವುದೂ ಕಡಿಮೆ. ಆದರೆ ಆ ಫಲಕದ ಹಿಂದೆ ದೊಡ್ಡ ಕಥೆಯಿದೆ.

ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣೆಗೆ ಒಂದು ಕಾನೂನು ಬಂದಿತ್ತು. ಪದ್ಧತಿ ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ತಂದಿತು. ಅದರ ಪ್ರಕಾರ ಹೆಣ್ಣುಮಗಳನ್ನು ದೇವರಿಗೆ ಬಿಟ್ಟವರಿಗೆ, ಅದರಲ್ಲಿ ಪಾಲ್ಗೊಂಡವರಿಗೆ ಮೂರು ವರ್ಷದವರೆಗೆ ಜೈಲು. ಬಿಟ್ಟವರು ತಂದೆ–ತಾಯಿ ಅಥವಾ ಸಂಬಂಧಿಕರಾದರೆ ಶಿಕ್ಷೆ ಐದು ವರ್ಷದವರೆಗೆ. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮದುವೆಯಾದರೆ ಆ ಮದುವೆ ಕಾನೂನುಬದ್ಧ ಎಂದೂ ಅದು ಹೇಳಿತು. 1993–94 ಮತ್ತು 2007–08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಬಹುಪಾಲು ಉತ್ತರ ಕರ್ನಾಟಕದವರು, ಬಹುಪಾಲು ದಲಿತ ಮನೆಗಳವರು.

ಯಾಕೆ ಬಿಡುತ್ತಿದ್ದರು? ಜಡೆಗಟ್ಟಿದ ಕೂದಲು ದೇವಿ ಕರೆದ ಗುರುತು ಅಂದರು. ಮನೆಯಲ್ಲಿ ಕಾಯಿಲೆ, ಗಂಡುಮಕ್ಕಳಿಲ್ಲ, ಮಳೆಯಿಲ್ಲ ಅಂದರು. ಹೊಲವಿಲ್ಲದ ಮನೆಯಲ್ಲಿ ಹರಕೆ ಹೊರಲು ಇದ್ದದ್ದು ಒಂದು ಹೆಣ್ಣುಕೂಸು. ದೇವರ ಹೆಸರಿನಲ್ಲಿ ಶುರುವಾದದ್ದು ಊರಿನ ಉಳ್ಳವರ ಮನೆಯ ಹಿಂಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು. ಹುಟ್ಟಿದ ಮಕ್ಕಳಿಗೆ ಅಪ್ಪ ಯಾರು ಎಂದು ಊರಿಗೆಲ್ಲ ಗೊತ್ತಿರುತ್ತಿತ್ತು, ಕಾಗದದ ಮೇಲೆ ಮಾತ್ರ ಇರುತ್ತಿರಲಿಲ್ಲ.

ಇದನ್ನು ಮುರಿದವರಲ್ಲಿ ಮುತ್ತು ಕಟ್ಟಿಸಿಕೊಂಡವರೇ ಮುಂದೆ ನಿಂತರು ಎನ್ನುವುದು ನಮ್ಮ ಜಿಲ್ಲೆಯ ಹೆಮ್ಮೆ. ಏಳನೇ ವಯಸ್ಸಿಗೇ ದೇವದಾಸಿಯಾದ ಸೀತವ್ವ ಜೋಡಟ್ಟಿ ತಮ್ಮಂಥ ಹೆಂಗಸರನ್ನು ಕೂಡಿಸಿ, ಬೆಳಗಾವಿ ಜಿಲ್ಲೆಯ ಹಳ್ಳಿ ಹಳ್ಳಿಗೆ ಹೋಗಿ ಈ ಪದ್ಧತಿ ನಿಲ್ಲಿಸಲು ದುಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಲ್ಲಮ್ಮನ ಜೋಗತಿ ಪರಂಪರೆಯಿಂದಲೇ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು. 2021ರಲ್ಲಿ ಅವರೂ ಪದ್ಮಶ್ರೀ ಪಡೆದರು. ಅದೇ 2021ರಲ್ಲಿ ರಾಜ್ಯ ಸರ್ಕಾರ ತನ್ನ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಗುಡ್ಡದಲ್ಲಿ ಸೀರೆ ಉಟ್ಟು ತಲೆ ಮೇಲೆ ಕೊಡ ಹೊತ್ತು ಕುಣಿಯುವ ಜೋಗಪ್ಪನನ್ನು ನೋಡಿ ನಗುವ ನಮ್ಮ ವಯಸ್ಸಿನವರು ಇದನ್ನು ನೆನಪಿಡುವುದು ಒಳ್ಳೆಯದು. ನಾಳೆ ಒಂದೇ ಕಚೇರಿಯಲ್ಲಿ ಎದುರುಬದುರು ಟೇಬಲ್ ಇರಬಹುದು.

ಪದ್ಧತಿ ಹೋದರೆ ದೇವರೇ ಹೋಗುತ್ತಾಳೆ ಎಂದು ಹೆದರಿಸುವವರು ಆಗಲೂ ಇದ್ದರು. ಹಾಗೇನೂ ಆಗಲಿಲ್ಲ. ಜಪಾನಿನ ಪವಿತ್ರ ಬೆಟ್ಟಗಳಿಗೂ ಒಂದು ಕಾಲಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. 1872ರಲ್ಲಿ ಅಲ್ಲಿನ ಸರ್ಕಾರ ಆ ನಿಷೇಧ ತೆಗೆಯಿತು. ಬೆಟ್ಟಗಳು ಅಲ್ಲೇ ಇವೆ, ಗುಡಿಗಳೂ ಇವೆ, ಹೆಂಗಸರು ಹತ್ತುತ್ತಿದ್ದಾರೆ. ಇಲ್ಲೂ ಮುತ್ತು ಕಟ್ಟುವುದನ್ನು ಕಾನೂನು ತಡೆದ ಮೇಲೆ ಗುಡ್ಡಕ್ಕೆ ಬರುವವರು ಹೆಚ್ಚಾಗಿದ್ದಾರೆಯೇ ಹೊರತು ಕಡಿಮೆಯಾಗಿಲ್ಲ. ದೇವಿಗೆ ಬೇಕಾದದ್ದು ಭಂಡಾರ ಮತ್ತು ಒಂದು ಕೂಗು. ಹೆಣ್ಣುಕೂಸನ್ನು ಕೇಳಿದ್ದು ಮನುಷ್ಯರು.

ಯಾರ ಹೆಸರ್ಲೆ?

ಸರದಿ ಸಾಲಿನಲ್ಲಿ ಒಂದೂವರೆ ತಾಸು ನಿಂತೆವು. ಗೆಳತಿ ಮಾತು ಕಡಿಮೆ ಮಾಡಿದ್ದಳು. ನಮ್ಮ ಮುಂದಿದ್ದವರು ತೆಂಗಿನಕಾಯಿ, ಕಣ, ಬಳೆ ಒಪ್ಪಿಸುತ್ತ ಹೆಸರು ಹೇಳುತ್ತಿದ್ದರು. ನಮ್ಮ ಸರದಿ ಬಂತು.

‘ಯಾರ ಹೆಸರ್ಲೆ?’ ಪೂಜಾರಿ ಕೇಳಿದರು.

ಗೆಳತಿ ಅವ್ವನ ಹೆಸರು ಹೇಳಿದಳು.

‘ಮತ್ತ?’

‘ನಂದು’ ಎಂದು ತನ್ನ ಹೆಸರು ಹೇಳಿದಳು.

ಅಷ್ಟೇ. ಪೂಜಾರಿ ಎರಡೂ ಹೆಸರು ಹಿಡಿದು ದೇವಿಯ ಕಡೆ ತಿರುಗಿದರು, ಭಂಡಾರ ಹಚ್ಚಿದರು, ‘ಮುಂದ ಹೋಗ್ರಿ’ ಅಂದರು. ಹಿಂದಿನವರು ತಳ್ಳಿದರು, ನಾವು ಹೊರಗೆ ಬಂದೆವು. ಬೆಳ್ಳಿಯ ಮುಖ, ದೊಡ್ಡ ಕಣ್ಣು ಕಂಡದ್ದು ಮೂರು ಸೆಕೆಂಡು.

ಹೊರಗೆ ಬಂದು ಕಂಬಕ್ಕೆ ಒರಗಿ ನಿಂತ ಗೆಳತಿ ಜೋರಾಗಿ ನಕ್ಕಳು. ಯಾಕೆ ಎಂದು ಕೇಳಿದೆ.

‘ಇಷ್ಟು ವರ್ಷದಾಗ ಅಪ್ಪನ ಹೆಸರ ಕೇಳದ ಕೌಂಟರ್ ಇದೊಂದs ನೋಡು.’

ಅವಳ ನಗುವಿನ ಹಿಂದೆ ಏನಿದೆ ಎಂದು ನನಗೆ ಗೊತ್ತು. ಹೈಸ್ಕೂಲಿನಿಂದ ಹಿಡಿದು ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ, ಪರೀಕ್ಷೆಯ ಅರ್ಜಿ ಹೀಗೆ ಪ್ರತಿ ಕಡೆ ಎರಡನೆಯ ಕಾಲಂ ಅವಳನ್ನು ನಿಲ್ಲಿಸಿದೆ. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಫಾರಂ ಎತ್ತಿ ಹಿಡಿದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ‘ಅಪ್ಪಿಲ್ಲದ ಮಕ್ಕಳು ಎಲ್ಯಾರ ಇರ್ತಾವೇನು?’ ಅಂದಿದ್ದರು. ಆ ದಿನ ಅವಳು ಅರ್ಜಿ ಕೊಡದೇ ಹಾಸ್ಟೆಲ್ಲಿಗೆ ವಾಪಸು ಬಂದಿದ್ದಳು. ಸಂಜೆ ಊಟ ಮಾಡಿರಲಿಲ್ಲ. ಕೊನೆಯ ದಿನಾಂಕ ಮರುದಿನವಿತ್ತು. ಮರುದಿನ ನಾವು ನಾಲ್ಕು ಜನ ಗೆಳತಿಯರು ಜತೆಗೆ ಹೋಗಿ, ಮೇಲಧಿಕಾರಿಯನ್ನು ಕಂಡು ಅರ್ಜಿ ಕೊಟ್ಟು ಬಂದೆವು.

ಆ ಕಾಲಂ ಬಗ್ಗೆ ಗೊತ್ತಿರಲಿ

ವಾಪಸು ಬರುವಾಗ ನವಿಲುತೀರ್ಥಕ್ಕೆ ಹೋದೆವು. ಎರಡು ಗುಡ್ಡದ ನಡುವೆ ಮಲಪ್ರಭೆಗೆ ಅಡ್ಡ ಕಟ್ಟಿದ ಅಣೆಕಟ್ಟು. ಹಿಂದೆ ನಿಂತ ನೀರಿಗೂ ದೇವಿಯದೇ ಹೆಸರು, ರೇಣುಕಾ ಸಾಗರ. ಅಲ್ಲಿ ಕುಳಿತು ಇಬ್ಬರೂ ಮೊಬೈಲಿನಲ್ಲಿ ನಾವು ಕೂಡಿಟ್ಟಿದ್ದ ಮಾಹಿತಿಯನ್ನೆಲ್ಲ ಒಂದು ಪಟ್ಟಿ ಮಾಡಿದೆವು. ಇದೇ ತೊಂದರೆ ಇರುವ ಓದುಗರು ಯಾರಾದರೂ ಇದ್ದರೆ ಉಪಯೋಗವಾಗಲಿ ಎಂದು ಇಲ್ಲಿ ಕೊಡುತ್ತಿದ್ದೇನೆ.

* ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪೋಷಕಿಯಾಗಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಾಯಿ ಒಬ್ಬಳೇ ಅರ್ಜಿ ಹಾಕಿದರೂ ಮಗುವಿಗೆ ಜನನ ಪ್ರಮಾಣಪತ್ರ ಕೊಡಬೇಕು ಎಂದೂ ಅದೇ ತೀರ್ಪು ಹೇಳಿದೆ.
* ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು. 2016ರ ಡಿಸೆಂಬರ್‌ನಲ್ಲಿ ಈ ಬದಲಾವಣೆ ಆಗಿದೆ.
* ಪ್ಯಾನ್ ಕಾರ್ಡಿಗೆ, ತಾಯಿ ಒಬ್ಬಳೇ ಪೋಷಕಿ ಆಗಿದ್ದರೆ ತಂದೆಯ ಹೆಸರು ಕಡ್ಡಾಯವಲ್ಲ. 2018ರ ಡಿಸೆಂಬರ್ 5ರಿಂದ ಈ ನಿಯಮ ಇದೆ.
* ದೇವದಾಸಿ ಪದ್ಧತಿ ಕುರಿತು ರಾಜ್ಯದ ವಿಧಾನಮಂಡಲ 2025ರಲ್ಲಿ ಹೊಸ ಮಸೂದೆಯನ್ನು ಅಂಗೀಕರಿಸಿದೆ. ಹಳೆಯದರ ಹಾಗೆ ನಿಷೇಧವಷ್ಟೇ ಅಲ್ಲ, ಪರಿಹಾರ ಮತ್ತು ಪುನರ್ವಸತಿ ಅದರ ಹೆಸರಿನಲ್ಲೇ ಇವೆ. ಮಕ್ಕಳ ಹಕ್ಕಿನ ಮಾತೂ ಅದರಲ್ಲಿದೆ.
* ಮಾಜಿ ದೇವದಾಸಿಯರ ಮಾಸಾಶನ, ಪುನರ್ವಸತಿಯ ವಿಚಾರಕ್ಕೆ ಮಹಿಳಾ ಅಭಿವೃದ್ಧಿ ನಿಗಮದಡಿಯ ದೇವದಾಸಿ ಪುನರ್ವಸತಿ ಯೋಜನೆಯ ಜಿಲ್ಲಾ ಕಚೇರಿಯಲ್ಲಿ ಕೇಳಬಹುದು.

ಕಾನೂನು ಹೀಗೆಲ್ಲ ಬದಲಾದರೂ ಕೌಂಟರಿನ ಹಿಂದೆ ಕುಳಿತವರಿಗೆ ಅದು ಗೊತ್ತಿರುವುದಿಲ್ಲ ಎನ್ನುವುದೇ ತೊಂದರೆ. ಹಾಗಾಗಿ ಸುತ್ತೋಲೆಯ ಪ್ರತಿ ಕೈಯಲ್ಲಿರಲಿ. ಸಾಧ್ಯವಾದರೆ ಜತೆಗೆ ಒಬ್ಬ ಗೆಳತಿಯೂ ಇರಲಿ.

ಸುತ್ತಮುತ್ತ

ಗುಡ್ಡಕ್ಕೆ ಬಂದವರು ಬರೀ ದರ್ಶನ ಮಾಡಿ ಬಸ್ ಹತ್ತಬೇಡಿ. ಸವದತ್ತಿ ಹತ್ತಿರವೇ ಹೂಲಿ ಇದೆ. ಅಲ್ಲಿನ ಪಂಚಲಿಂಗೇಶ್ವರ ಗುಡಿ ಚಾಲುಕ್ಯರ ಕಾಲದ ಕೆಲಸ. ಬೈಲಹೊಂಗಲದ ಸಮೀಪ ಸೊಗಲದಲ್ಲಿ ಸೋಮೇಶ್ವರ ಗುಡಿ ಮತ್ತು ಮಳೆಗಾಲದಲ್ಲಿ ಧುಮುಕುವ ಜಲಪಾತ. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿ. ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರ ಗೆಲುವು ಕಂಡ ಕೋಟೆ. ರಾಮದುರ್ಗ ತಾಲ್ಲೂಕಿನ ಗೊಡಚಿಯಲ್ಲಿ ವೀರಭದ್ರೇಶ್ವರ, ಸುರೇಬಾನದ ಹತ್ತಿರ ಶಬರಿಕೊಳ್ಳ. ಎರಡು ದಿನ ಇದ್ದರೆ ಎಲ್ಲವನ್ನೂ ಬಸ್ಸಿನಲ್ಲೇ ನೋಡಬಹುದು.

ಓದುವವರು ತಪ್ಪದೇ ಹೋಗಬೇಕಾದ ಊರು ಶಿರಸಂಗಿ. ಅಲ್ಲಿ ಕಾಳಿಕಾದೇವಿಯ ಗುಡಿಯಿದೆ. ಅಲ್ಲಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಇಡೀ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಆ ದತ್ತಿಯ ನೆರವಿನಲ್ಲಿ ಓದಿದವರು ಈ ನಾಡಿನಲ್ಲಿ ಎಷ್ಟೋ ಜನ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಇವರದೇ ಹೆಸರು. ಹರಕೆ ಹೊರುವುದು ಒಂದು, ಬೇರೆಯವರ ಮಕ್ಕಳ ಹರಕೆ ತೀರಿಸುವುದು ಇನ್ನೊಂದು.

ಗುಡ್ಡ ಬದಲಾಗುತ್ತಿದೆ

ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರ್ಕಾರ ₹100 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ರಾಜ್ಯ ಸರ್ಕಾರವೂ ಕ್ಷೇತ್ರಕ್ಕೆಂದೇ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿ ಮಾಡಿದೆ. ಲಕ್ಷಾಂತರ ಜನ ಸೇರುವ ಕಡೆ ನೆರಳು, ನೀರು, ಶೌಚಾಲಯ, ಹೆಣ್ಣುಮಕ್ಕಳಿಗೆ ಸ್ನಾನದ ಮನೆ ಬೇಕೇ ಬೇಕು. ಅವೆಲ್ಲ ಆಗಲಿ. ಜತೆಗೆ, ದಾರಿಯಲ್ಲಿ ಚೌಡಕಿ ಇಟ್ಟುಕೊಂಡು ಕುಳಿತ ಆ ಆಯಿಯಂಥವರಿಗೂ ಅಲ್ಲೊಂದು ಜಾಗ ಇರಲಿ. ಪಗಾರದ ಮೆಸೇಜು ಓದಿ ಹೇಳುವ, ಅರ್ಜಿ ತುಂಬಿಕೊಡುವ ಒಂದು ಸಹಾಯದ ಟೇಬಲ್ ಇದ್ದರೂ ಸಾಕು. ನಮ್ಮಂಥ ಪದವಿ ಮುಗಿಸಿ ಕುಳಿತವರು ಮಂಗಳವಾರ, ಶುಕ್ರವಾರ ಪಾಳಿ ಹಾಕಿಕೊಂಡು ಆ ಟೇಬಲ್ಲಿಗೆ ಕೂರಬಹುದು. ಫಲಿತಾಂಶ ಕಾಯುವ ದಿನಗಳಲ್ಲಿ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ನಾವು ಮುಂದೆ ಯಾವ ಯಾವ ಕಚೇರಿಯಲ್ಲೋ ಕುರ್ಚಿ ಹಿಡಿಯುವವರು. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಬ್ಯಾಂಕ್ ಕ್ಲರ್ಕ್, ಶಿಕ್ಷಕಿ, ಪೊಲೀಸ್. ಒಂದು ದಿನ ನಮ್ಮ ಕೌಂಟರಿನ ಮುಂದೆಯೂ ಎರಡನೆಯ ಕಾಲಂ ಖಾಲಿ ಬಿಟ್ಟ ಫಾರಂ ಹಿಡಿದುಕೊಂಡು ಒಬ್ಬ ಹುಡುಗಿ ನಿಂತಿರುತ್ತಾಳೆ. ಆಗ ತಲೆ ಎತ್ತಿ ಏನು ಕೇಳುತ್ತೇವೆ ಎನ್ನುವುದರ ಮೇಲೆ ಅವಳು ಆ ದಿನ ಅರ್ಜಿ ಕೊಡುತ್ತಾಳೋ, ಹಾಸ್ಟೆಲ್ಲಿಗೆ ವಾಪಸು ಹೋಗುತ್ತಾಳೋ ನಿಂತಿರುತ್ತದೆ. ‘ಯಾರ ಹೆಸರ್ಲೆ?’ ಎಂದು ಕೇಳಿ, ಅವಳು ಹೇಳಿದ ಹೆಸರನ್ನು ಬರೆದುಕೊಂಡರೆ ಸಾಕು. ಗುಡ್ಡದ ಮೇಲೆ ಆ ಪೂಜಾರಿ ಮಾಡಿದ್ದು ಅಷ್ಟೇ.

ಹೋಗುವವರಿಗೆ: ಧಾರವಾಡದಿಂದ ಸವದತ್ತಿ ಸುಮಾರು 40 ಕಿ.ಮೀ. ಧಾರವಾಡ, ಬೆಳಗಾವಿ, ಬೈಲಹೊಂಗಲ, ರಾಮದುರ್ಗದಿಂದ ಬಸ್ಸುಗಳಿವೆ. ಸವದತ್ತಿಯಿಂದ ಗುಡ್ಡಕ್ಕೆ ಬಸ್ಸು, ಟಂಟಂ ಸಿಗುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಕಾಲಿಡಲು ಜಾಗವಿರುವುದಿಲ್ಲ. ಗುಡ್ಡವನ್ನು ನಿಧಾನವಾಗಿ ನೋಡಬೇಕಾದರೆ ಹುಣ್ಣಿಮೆ, ಮಂಗಳವಾರ, ಶುಕ್ರವಾರ ಬಿಟ್ಟು ಹೋಗಿ. ಹೋಳಿಗೆ ತಿನ್ನಬೇಕಾದರೆ ಆ ದಿನಗಳಲ್ಲೇ ಹೋಗಿ.